ಕಣ್ಣು ರಸ್ತೆ ಮೇಲಿತ್ತು, ಆದರೂ ಕಾರು ಕಾಣಲಿಲ್ಲ ಯಾಕೆ?

ಪ್ರಶ್ನೆ: ನನಗೆ 41 ವರ್ಷ. ಕೆಲಸ ಮುಗಿಸಿ ದಿನಾ ನಡೆದೇ ಮನೆಗೆ ಹೋಗುತ್ತೇನೆ. ಹೋದ ವಾರ ಫೋನಿನಲ್ಲಿ ಮಾತಾಡುತ್ತಾ ಜೀಬ್ರಾ ಕ್ರಾಸಿಂಗ್‌ನಲ್ಲಿ ರಸ್ತೆ ದಾಟುತ್ತಿದ್ದೆ. ಒಂದು ಬಸ್ಸು ನನಗಾಗಿ ನಿಂತಿತು. ಅದರ ಮುಂದಿನಿಂದ ದಾಟಿ ಇನ್ನೊಂದು ಹೆಜ್ಜೆ ಇಟ್ಟೆ ಅಷ್ಟೇ, ಪಕ್ಕದ ಲೇನಿನಲ್ಲಿ ಬಂದ ಕಾರು ಒಂದು ಮಾರು ದೂರದಲ್ಲಿ ಕಿರ್ರೆಂದು ನಿಂತಿತು. ನಾನು ಮೆಸೇಜ್ ನೋಡುತ್ತಿರಲಿಲ್ಲ. ತಲೆ ಎತ್ತಿಕೊಂಡೇ ನಡೆಯುತ್ತಿದ್ದೆ. ಡ್ರೈವರ್ ಬಾಯಿಗೆ ಬಂದಂತೆ ಬೈದ. ಮನೆಯಲ್ಲಿ ನಮ್ಮ ಯಜಮಾನರೂ "ತಪ್ಪು ನಿನ್ನದೇ" ಅಂದರು. ಕಣ್ಣು ರಸ್ತೆ ಮೇಲಿದ್ದರೂ ಕಾರು ಯಾಕೆ ಕಾಣಲಿಲ್ಲ? ತಪ್ಪು ನಿಜವಾಗಿ ನನ್ನದೇನಾ? ನನ್ನ 15 ವರ್ಷದ ಮಗಳು ಇಯರ್‌ಫೋನ್ ಹಾಕಿಕೊಂಡೇ ಓಡಾಡುತ್ತಾಳೆ, ಎಷ್ಟು ಹೇಳಿದರೂ ಕೇಳುವುದಿಲ್ಲ. ಅವಳು ಶಾಲೆಯಿಂದ ಹೊರಟ ಮೇಲೆ ಎರಡು ಸಲವಾದರೂ ಫೋನ್ ಮಾಡಿ ಎಲ್ಲಿದ್ದೀಯಾ ಅಂತ ಕೇಳದಿದ್ದರೆ ನನಗೆ ಸಮಾಧಾನವಿಲ್ಲ. ಏನು ಮಾಡಲಿ ಮೇಡಂ?

ಉತ್ತರ: ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ತಲೆ ಎತ್ತಿಕೊಂಡೇ ನಡೆಯುತ್ತಿದ್ದೆ ಅನ್ನುವ ನಿಮ್ಮ ಮಾತನ್ನೂ ನಾನು ನಂಬುತ್ತೇನೆ. ರಸ್ತೆ ಸುರಕ್ಷತೆಯ ಕೆಲಸದಲ್ಲಿ ನನಗೆ ಇಪ್ಪತ್ತು ವರ್ಷ ಆಯಿತು. ಕೂದಲೆಳೆಯಲ್ಲಿ ಪಾರಾದವರನ್ನು ಕೂರಿಸಿಕೊಂಡು ಮಾತಾಡಿಸುವುದೂ ಆ ಕೆಲಸದ ಒಂದು ಭಾಗ. "ನೋಡಿದೆ, ಆದರೆ ಕಾಣಲಿಲ್ಲ" ಅನ್ನುವ ಮಾತನ್ನು ಕೇಳಿದಷ್ಟು ನಾನು ಬೇರೆ ಯಾವುದನ್ನೂ ಕೇಳಿಲ್ಲ. ನಡೆಯುವವರೂ ಹೇಳುತ್ತಾರೆ. ಗುದ್ದಿದ ಡ್ರೈವರ್‌ಗಳೂ ಹೇಳುತ್ತಾರೆ. ಬಹಳ ಸಲ ಇಬ್ಬರೂ ಹೇಳುವುದು ನಿಜ.

ನೀವು ಕೇಳಿದ ಎಲ್ಲದಕ್ಕೂ ಉತ್ತರ ಕೊಡುತ್ತೇನೆ. ಆದರೆ ಮಗಳಿಗೆ ಫೋನ್ ಮಾಡುವ ಆ ಕೊನೆಯ ಸಾಲು ಇದೆಯಲ್ಲ, ನೀವು ಅದನ್ನು ಸುಮ್ನೆ ಸೇರಿಸಿದಂತಿದೆ. ನನಗೆ ಮಾತ್ರ ಅದೇ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು. ಅದಕ್ಕೆ ಆಮೇಲೆ ಬರುತ್ತೇನೆ.

ಕಣ್ಣಿಗೆ ಬಿದ್ದದ್ದೆಲ್ಲ ಗಮನಕ್ಕೆ ಬರುವುದಿಲ್ಲ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಬಹಳ ತಮಾಷೆಯಾಗಿ ತೋರಿಸಿತು. ಅಮೆರಿಕದ ವೆಸ್ಟರ್ನ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಐರಾ ಹೈಮನ್ ಮತ್ತು ಅವರ ತಂಡ ತಮ್ಮ ಕ್ಯಾಂಪಸ್ಸಿನ ಬಯಲಿನಲ್ಲಿ ಒಬ್ಬ ಜೋಕರ್‌ನನ್ನು ಬಿಟ್ಟರು. ಗಾಢ ಬಣ್ಣದ ಬಟ್ಟೆ, ದಪ್ಪ ಕೆಂಪು ಮೂಗು, ಮೇಲಾಗಿ ಒಂಟಿ ಚಕ್ರದ ಸೈಕಲ್ ಸವಾರಿ. ಇಂಥವನು ಪಕ್ಕದಲ್ಲೇ ಸುತ್ತುತ್ತಿದ್ದರೆ ಯಾರಿಗೆ ತಾನೇ ಕಾಣುವುದಿಲ್ಲ, ಅಲ್ವಾ? ಬಯಲು ದಾಟಿ ಬಂದವರನ್ನು ನಿಲ್ಲಿಸಿ, ಆ ಜೋಕರ್‌ನನ್ನು ನೋಡಿದಿರಾ ಅಂತ ಕೇಳಿದರು. ಒಬ್ಬರೇ, ಕೈಯಲ್ಲಿ ಏನೂ ಇಲ್ಲದೆ ನಡೆದವರಲ್ಲಿ ಹೌದು ಅಂದವರು ಶೇ. 51. ಹಾಡು ಕೇಳುತ್ತಾ ಬಂದವರಲ್ಲಿ ಶೇ. 61. ಇಬ್ಬರು ಜೊತೆಯಾಗಿ ಬಂದವರಲ್ಲಿ ಶೇ. 71. ಫೋನಿನಲ್ಲಿ ಮಾತಾಡುತ್ತಾ ಬಂದವರಲ್ಲಿ ಬರೀ ಶೇ. 25.

ಈ ನಾಲ್ಕು ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿ. ಮಾತಾಡುವುದೇ ತೊಂದರೆ ಆಗಿದ್ದರೆ ಜೋಡಿಯಾಗಿ ನಡೆದವರಿಗೂ ಜೋಕರ್ ಕಾಣಬಾರದಿತ್ತು. ಅವರಿಗೇ ಎಲ್ಲರಿಗಿಂತ ಜಾಸ್ತಿ ಕಂಡ. ಪಕ್ಕದಲ್ಲಿ ನಡೆಯುವ ಗೆಳತಿಗೂ ನೀವಿರುವ ರಸ್ತೆಯೇ ಕಾಣುತ್ತಿರುತ್ತದೆ. ಲಾರಿ ಬಂದರೆ ಅವಳು ತಾನಾಗಿ ಮಾತು ನಿಲ್ಲಿಸುತ್ತಾಳೆ, ನಿಮ್ಮ ತೋಳು ಹಿಡಿದು ಎಳೆಯುತ್ತಾಳೆ. ಎರಡು ಜೊತೆ ಕಣ್ಣು, ಒಂದೇ ರಸ್ತೆ. ಫೋನಿನ ಆ ಕಡೆ ಇರುವವರಿಗೆ ನಿಮ್ಮ ರಸ್ತೆ ಗೊತ್ತಿಲ್ಲ. ನೀವು ನಡುರಸ್ತೆಯಲ್ಲಿರುವಾಗಲೇ ಅವರು, "ಆ ಬೀರುವಿನ ಕೀಲಿ ಎಲ್ಲಿಟ್ಟಿದ್ದೀಯಾ?" ಅಂತ ಕೇಳುತ್ತಾರೆ. ಆಗ ನಿಮ್ಮ ಮನಸ್ಸು ಏನು ಮಾಡುತ್ತದೆ? ಸೀದಾ ಮನೆಗೆ ಹೋಗುತ್ತದೆ. ಮೇಜು ನೋಡುತ್ತದೆ, ಕಿಟಕಿ ನೋಡುತ್ತದೆ, ಬಾಗಿಲ ಹಿಂದಿನ ಮೊಳೆ ನೋಡುತ್ತದೆ. ಆ ಎರಡು ಕ್ಷಣ ನಿಮ್ಮ ಕಾಲು ಮಾತ್ರ ರಸ್ತೆಯಲ್ಲಿದೆ. ಕಣ್ಣು ತೆರೆದೇ ಇದೆ, ಆದರೆ ಅದು ತಂದುಕೊಟ್ಟ ಚಿತ್ರವನ್ನು ತೆಗೆದುಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ.

ಹಾಗಾಗಿ ಫೋನ್ ಕೈಯಲ್ಲಿ ಹಿಡಿದಿದ್ದಿರಾ, ಕಿವಿಗೆ ಸಿಕ್ಕಿಸಿಕೊಂಡಿದ್ದಿರಾ ಅನ್ನುವುದು ಇಲ್ಲಿ ಅಷ್ಟೇನೂ ಮುಖ್ಯವಲ್ಲ. ಎಳೆದುಕೊಂಡು ಹೋಗುವುದು ಮಾತು.

ಮೆಸೇಜ್ ವಿಷಯ ಬೇರೆ. ಅದರಲ್ಲಿ ಕಣ್ಣೂ ಹೋಯಿತು, ಮನಸ್ಸೂ ಹೋಯಿತು. 2012ರಲ್ಲಿ ಅಮೆರಿಕದ ಸಿಯಾಟಲ್ ನಗರದ 20 ಜಂಕ್ಷನ್‌ಗಳಲ್ಲಿ 1,102 ಪಾದಚಾರಿಗಳನ್ನು ಸಂಶೋಧಕರು ದೂರದಿಂದ ಗಮನಿಸಿದರು. ದಾಟುವಾಗ ಸುಮಾರು ಮೂರರಲ್ಲಿ ಒಬ್ಬರು ಹಾಡು, ಮಾತು, ಮೆಸೇಜ್ ಅಂತ ಬೇರೆ ಏನಾದರೊಂದು ಮಾಡುತ್ತಲೇ ಇದ್ದರು. ಮೆಸೇಜ್ ಮಾಡುತ್ತಿದ್ದವರು ಮೂರು ನಾಲ್ಕು ಲೇನಿನ ರಸ್ತೆ ದಾಟಲು ಉಳಿದವರಿಗಿಂತ ಸುಮಾರು 2 ಸೆಕೆಂಡ್ ಜಾಸ್ತಿ ತೆಗೆದುಕೊಂಡರು. ಎರಡೂ ಕಡೆ ನೋಡದಿರುವುದು, ಸಿಗ್ನಲ್ ಮೀರುವುದು, ಕ್ರಾಸಿಂಗ್ ಬಿಟ್ಟು ಅಡ್ಡ ದಾಟುವುದು, ಇಂಥ ತಪ್ಪುಗಳಲ್ಲಿ ಒಂದನ್ನಾದರೂ ಮಾಡುವ ಸಾಧ್ಯತೆ ಅವರಲ್ಲಿ ಸುಮಾರು ನಾಲ್ಕು ಪಟ್ಟು ಇತ್ತು.

ಎರಡು ಸೆಕೆಂಡ್ ಏನು ಮಹಾ ಅನ್ನಿಸಬಹುದು. ಸ್ವಲ್ಪ ಲೆಕ್ಕ ಹಾಕೋಣ. ಸಾಮಾನ್ಯವಾಗಿ ನಾವು ಒಂದು ಸೆಕೆಂಡಿಗೆ 1.2 ಮೀಟರ್ ನಡೆಯುತ್ತೇವೆ. ಒಂದು ಲೇನಿನ ಅಗಲ ಮೂರು, ಮೂರೂವರೆ ಮೀಟರ್. ಅಂದರೆ ಒಂದು ಲೇನಿನಲ್ಲಿ ನೀವು ಇರುವುದೇ ಮೂರು ಸೆಕೆಂಡ್. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬರುವ ವಾಹನ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಬರುತ್ತದೆ. ನೀವು ರಸ್ತೆ ಖಾಲಿ ಇದೆ ಅಂತ ನೋಡಿ, ತಲೆ ತಗ್ಗಿಸಿ, ನಾಲ್ಕು ಸೆಕೆಂಡ್ ಬಿಟ್ಟು ಮತ್ತೆ ತಲೆ ಎತ್ತಿದಿರಿ ಅನ್ನಿ. ಅಷ್ಟರಲ್ಲಿ ಆ ವಾಹನ 55 ಮೀಟರ್ ಮುಂದೆ ಬಂದಿರುತ್ತದೆ. ನೀವು ನೋಡಿದ್ದ ಖಾಲಿ ರಸ್ತೆ ಈಗಿಲ್ಲ. ಆದರೆ ನಿಮ್ಮ ತಲೆಯೊಳಗೆ ಹಳೆಯ ಚಿತ್ರವೇ ಕೂತಿದೆ. "ಈಗ ತಾನೇ ನೋಡಿದೆ, ಏನೂ ಇರಲಿಲ್ಲ" ಅಂತ ಜನ ಆಣೆ ಮಾಡಿ ಹೇಳುವುದು ಇದಕ್ಕೇ.

ರಾತ್ರಿ ಹೊತ್ತು ಇದಕ್ಕೆ ಇನ್ನೊಂದು ಸೇರುತ್ತದೆ. ಬೆಳಕು ತುಂಬಿದ ಪರದೆಯಿಂದ ಕಣ್ಣೆತ್ತಿ ಕತ್ತಲು ರಸ್ತೆ ನೋಡಿದರೆ ಮೊದಲಿಗೆ ಸರಿಯಾಗಿ ಏನೂ ಕಾಣುವುದಿಲ್ಲ. ಕಣ್ಣು ಹೊಂದಿಕೊಳ್ಳಲು ಸಮಯ ಬೇಕು. ಆ ಸಮಯದಲ್ಲೇ ನಾವು ರಸ್ತೆಗೆ ಇಳಿದಿರುತ್ತೇವೆ.

ಇನ್ನೊಂದು ವಿಷಯ ನನಗೆ ಪುಸ್ತಕದಿಂದ ಅಲ್ಲ, ಬಿಸಿಲಲ್ಲಿ ನಿಂತು ಗೊತ್ತಾದದ್ದು. ಕೈಯಲ್ಲಿ ಎಣಿಕೆಯ ಯಂತ್ರ ಹಿಡಿದುಕೊಂಡು ಸಿಗ್ನಲ್ ಪಕ್ಕ ಗಂಟೆಗಟ್ಟಲೆ ನಿಲ್ಲುವುದು ನಮ್ಮ ಕೆಲಸದ ಮೊದಲ ಪಾಠ. ಒಬ್ಬ ಬಂದ, ಟಕ್. ಇನ್ನೊಬ್ಬ ಬಂದ, ಟಕ್. ಬೇಜಾರಿನ ಕೆಲಸ, ಆದರೆ ಜನರ ಕಾಲು ನೋಡಿದಷ್ಟೂ ಕಲಿಯುವುದಿರುತ್ತದೆ. ಫೋನ್ ನೋಡುತ್ತಾ ನಿಂತವರು ಸಿಗ್ನಲ್ ನೋಡುವುದೇ ಇಲ್ಲ. ಅವರು ನೋಡುವುದು ಪಕ್ಕದವರ ಕಾಲನ್ನು. ಅದೂ ಕಣ್ಣಂಚಿನಲ್ಲಿ. ಪಕ್ಕದವನು ಹೊರಟರೆ ಇವರೂ ಹೊರಟರು. ಒಂದು ದಿನ ಒಬ್ಬ ಹುಡುಗ ಕೆಂಪು ದೀಪ ಇರುವಾಗಲೇ, ವಾಹನಗಳ ನಡುವೆ ಜಾಗ ನೋಡಿ ಓಡಿದ. ಅವನ ಲೆಕ್ಕ ಸರಿಯಾಗಿಯೇ ಇತ್ತು, ದಾಟಿಯೂ ಬಿಟ್ಟ. ಅವನ ಹಿಂದೆ ಮೂರು ಜನ ತಲೆ ಎತ್ತದೆ ಇಳಿದರು. ಆ ಜಾಗ ಅವನೊಬ್ಬನಿಗೆ ಸಾಕಾಗುವಷ್ಟಿತ್ತು, ಇವರಿಗೆ ಇರಲಿಲ್ಲ. ಬ್ರೇಕಿನ ಸದ್ದಿಗೆ ನನ್ನ ಕೈಯಲ್ಲಿದ್ದ ಯಂತ್ರ ಕೆಳಗೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಆಮೇಲೆ ಇಂಗ್ಲೆಂಡಿನ ಲೀಡ್ಸ್ ನಗರದ ಒಂದು ಅಧ್ಯಯನ ಓದಿದೆ. ಪಕ್ಕದವರು ಹೊರಟರೆ ನಾವೂ ಹೊರಡುವ ಸಾಧ್ಯತೆ ಜಾಸ್ತಿ ಅಂತ ಅಲ್ಲೂ ಕಂಡುಬಂದಿತ್ತು. ಫೋನ್ ಇಲ್ಲದವರಿಗೂ ಈ ಚಟ ಇದೆ. ಫೋನ್ ಇದ್ದವರಿಗೆ ಅದೊಂದೇ ಆಧಾರ.

ಜನಜಂಗುಳಿಯಲ್ಲಿ ನಾವು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯದೆ ಹೇಗೆ ನಡೆಯುತ್ತೇವೆ ಅನ್ನುವುದೂ ಒಂದು ಸೋಜಿಗವೇ. ಎದುರಿನವನು ಯಾವ ಕಡೆ ಸರಿಯುತ್ತಾನೆ ಅಂತ ನಾವು ಊಹಿಸುತ್ತೇವೆ, ನಮ್ಮನ್ನು ಅವನು ಊಹಿಸುತ್ತಾನೆ. ಜಪಾನಿನ ಹಿಸಾಶಿ ಮುರಕಾಮಿ ಮತ್ತು ತಂಡ ಇದನ್ನು ಪರೀಕ್ಷಿಸಿ ನೋಡಿತು. 27 ಜನರ ಎರಡು ಗುಂಪುಗಳನ್ನು ಎದುರುಬದುರಾಗಿ ನಡೆಸಿದರು. ಒಂದು ಗುಂಪಿನ ಮುಂದಿನ ಸಾಲಿನಲ್ಲಿ ಮೂರೇ ಮೂರು ಜನರ ಕೈಗೆ ಫೋನ್ ಕೊಟ್ಟು ಅದರಲ್ಲಿ ಲೆಕ್ಕ ಮಾಡಲು ಹೇಳಿದರು. ಅಷ್ಟಕ್ಕೇ ಇಡೀ ಗುಂಪಿನ ನಡಿಗೆ ಕೆಟ್ಟಿತು. ಫೋನ್ ಇಲ್ಲದವರೂ ಕೊನೆಯ ಕ್ಷಣದಲ್ಲಿ ತಟ್ಟನೆ ಪಕ್ಕಕ್ಕೆ ಹಾರಬೇಕಾಯಿತು. ಯಾಕೆಂದರೆ ಊಹಿಸುವ ಆಟ ಇಬ್ಬರೂ ಆಡಿದರೆ ಮಾತ್ರ ನಡೆಯುತ್ತದೆ. ಜನರನ್ನು ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಹುಮಾನ ಈ ಕೆಲಸಕ್ಕೆ 2021ರಲ್ಲಿ ಬಂತು. ಫುಟ್‌ಪಾತ್ ಮೇಲೆ ಫೋನ್ ನೋಡುವವನು ತನ್ನ ಪಾಲಿನ ಕೆಲಸವನ್ನು ನಮ್ಮ ಮೇಲೆ ಹಾಕಿ ಹೋಗುತ್ತಿದ್ದಾನೆ. ಬೈದುಕೊಳ್ಳುವ ಮೊದಲು ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಇದೇ ವಿಷಯದ ಮೇಲೆ ಭಾಷಣ ಮಾಡಲು ಹೋಗುವಾಗ, ನಾನು ಆ ಭಾಷಣದ ಟಿಪ್ಪಣಿಯನ್ನು ಫೋನಿನಲ್ಲಿ ಓದುತ್ತಾ ಕಂಬಕ್ಕೆ ಹಣೆ ಬಡಿಸಿಕೊಂಡಿದ್ದೇನೆ. ಊದಿಕೊಂಡ ಹಣೆಯಲ್ಲೇ ಭಾಷಣ ಮಾಡಿದೆ.

ಈಗ ತಪ್ಪು ಯಾರದು ಅನ್ನುವ ಪ್ರಶ್ನೆ.

ನೀವು ಬರೆದದ್ದನ್ನು ಮತ್ತೆ ಓದಿದೆ. ಬಸ್ಸು ನಿಂತಿತು, ಅದರ ಮುಂದಿನಿಂದ ದಾಟಿದಿರಿ, ಪಕ್ಕದ ಲೇನಿನಲ್ಲಿ ಕಾರು ಬಂತು. ಈ ತರಹದ ಅಪಘಾತಕ್ಕೆ ನಮ್ಮಲ್ಲಿ 'ಮಲ್ಟಿಪಲ್ ಥ್ರೆಟ್' ಅಂತ ಪ್ರತ್ಯೇಕ ಹೆಸರೇ ಇದೆ. ಅಷ್ಟು ಸಾಮಾನ್ಯ. ಒಂದೇ ದಿಕ್ಕಿಗೆ ಎರಡು ಅಥವಾ ಮೂರು ಲೇನ್ ಇರುವ ರಸ್ತೆಯಲ್ಲಿ, ಸಿಗ್ನಲ್ ಇಲ್ಲದ ಜೀಬ್ರಾ ಕ್ರಾಸಿಂಗ್‌ನಲ್ಲಿ ಒಂದು ವಾಹನ ಮರ್ಯಾದೆಯಿಂದ ನಿಲ್ಲುತ್ತದೆ. ನಿಂತ ಆ ವಾಹನವೇ ಪಾದಚಾರಿಗೆ ಗೋಡೆಯಾಗುತ್ತದೆ. ಅದರ ಆಚೆ ಬರುವವನಿಗೆ ನೀವು ಕಾಣುವುದಿಲ್ಲ, ನಿಮಗೆ ಅವನು ಕಾಣುವುದಿಲ್ಲ. ಬಸ್ಸಿನಷ್ಟು ಎತ್ತರದ ಗೋಡೆಯಾದರೆ ಕೇಳಬೇಕೇ? ಅಂದು ನಿಮ್ಮ ಕೈಯಲ್ಲಿ ಫೋನ್ ಇಲ್ಲದಿದ್ದರೂ, ಬಸ್ಸಿನ ಮೂಲೆ ದಾಟುವ ತನಕ ಆ ಕಾರು ನಿಮಗೆ ಕಾಣುತ್ತಿರಲಿಲ್ಲ. ಫೋನ್ ಕಸಿದುಕೊಂಡದ್ದು ಬೇರೆ. ಬಸ್ಸಿನ ಮೂಲೆಯಲ್ಲಿ ಒಂದು ಕ್ಷಣ ನಿಂತು ಇಣುಕುವ ಎಚ್ಚರವನ್ನು ಅದು ಕಸಿದುಕೊಂಡಿತು.

ಇನ್ನು ಆ ಡ್ರೈವರ್. ಕ್ರಾಸಿಂಗ್ ಮುಂದೆ ನಿಂತ ವಾಹನವನ್ನು ಪಕ್ಕದಿಂದ ಹಿಂದಿಕ್ಕಿ ಹೋಗುವುದು ಬಹಳಷ್ಟು ದೇಶಗಳಲ್ಲಿ ಕಾನೂನಿನ ಪ್ರಕಾರವೇ ತಪ್ಪು. ಬಸ್ಸು ಯಾಕೆ ನಿಂತಿದೆ ಅಂತ ಯೋಚಿಸಬೇಕಾದ್ದು ಅವನ ಕೆಲಸ. ಆದ್ದರಿಂದ ನಿಮ್ಮ ಯಜಮಾನರಿಗೆ ಹೇಳಿ, ತಪ್ಪಿನಲ್ಲಿ ನಿಮ್ಮದು ಸಣ್ಣ ಪಾಲು. ದೊಡ್ಡ ಪಾಲು ಅವನದು. ಇನ್ನೊಂದು ಪಾಲು ಅಂಥ ಅಗಲ ರಸ್ತೆಗೆ ಬರೀ ಬಿಳಿ ಪಟ್ಟೆ ಬಳಿದು ಕೈ ತೊಳೆದುಕೊಂಡವರದು. ವಾಹನ ನಿಲ್ಲಬೇಕಾದ ಗೆರೆಯನ್ನು ಪಟ್ಟೆಯಿಂದ ಕೆಲವು ಮೀಟರ್ ಹಿಂದಕ್ಕೆ ಎಳೆದರೆ ಆ ಗೋಡೆ ಹಿಂದೆ ಸರಿಯುತ್ತದೆ, ಪಕ್ಕದ ಲೇನ್ ತೆರೆದುಕೊಳ್ಳುತ್ತದೆ. ರಸ್ತೆ ನಡುವೆ ನಿಲ್ಲಲು ಒಂದು ಕಟ್ಟೆ ಕಟ್ಟಿದರೆ ಒಂದು ಸಲಕ್ಕೆ ಒಂದೇ ದಿಕ್ಕು ನೋಡಿದರೆ ಸಾಕು. ಕ್ರಾಸಿಂಗನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿದರೆ ವಾಹನ ತಾನಾಗಿ ನಿಧಾನವಾಗುತ್ತದೆ. ಇವೆಲ್ಲ ಹಳೆಯ, ಕಡಿಮೆ ಖರ್ಚಿನ ಉಪಾಯಗಳು. ನಿಮ್ಮ ಬಡಾವಣೆಯವರು ಸೇರಿ ಅರ್ಜಿ ಕೊಡುವುದಾದರೆ ಈ ಮೂರನ್ನು ಹೆಸರಿಟ್ಟು ಕೇಳಿ. ಸುಮ್ನೆ "ಸುರಕ್ಷತೆ ಬೇಕು" ಅಂತ ಬರೆದ ಅರ್ಜಿಗೆ ಒಂದು ಬೋರ್ಡು ಬರುತ್ತದೆ, ಅಷ್ಟೇ.

ವೇಗದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಗಾಬರಿಯಾದ ಡ್ರೈವರ್ ಬ್ರೇಕ್ ಮೇಲೆ ಕಾಲಿಡಲು ಒಂದು ಸೆಕೆಂಡಾದರೂ ಬೇಕು. ಒಣ ರಸ್ತೆ, ಒಳ್ಳೆಯ ಬ್ರೇಕ್ ಅಂತ ಇಟ್ಟುಕೊಂಡರೆ, ಗಂಟೆಗೆ 30 ಕಿ.ಮೀ. ವೇಗದ ಕಾರು ಸುಮಾರು 13 ಮೀಟರ್ ಒಳಗೆ ನಿಲ್ಲುತ್ತದೆ. 50 ಕಿ.ಮೀ. ವೇಗದ ಕಾರಿಗೆ ಸುಮಾರು 28 ಮೀಟರ್ ಬೇಕು. ಈಗ ನೀವು 14 ಮೀಟರ್ ದೂರದಲ್ಲಿ ಕಾರಿನ ಮುಂದೆ ಬಂದಿರಿ ಅನ್ನಿ. ನಿಧಾನದ ಕಾರು ನಿಮ್ಮ ಮುಂದೆ ನಿಂತಿರುತ್ತದೆ, ಡ್ರೈವರ್ ಕಿಟಕಿ ಇಳಿಸಿ ಬೈಯುತ್ತಿರುತ್ತಾನೆ. ಜೋರಿನ ಕಾರಿನ ಡ್ರೈವರ್ ಆಗಷ್ಟೇ ಬ್ರೇಕ್ ಮುಟ್ಟಿರುತ್ತಾನೆ. ಅಂದರೆ ಬಹುತೇಕ ಪೂರ್ತಿ ವೇಗದಲ್ಲೇ ಡಿಕ್ಕಿ. ನಿಮ್ಮ ಅಜಾಗರೂಕತೆ ಎರಡರಲ್ಲೂ ಅಷ್ಟೇ. ಒಂದು ಕಡೆ ಬೈಗುಳ, ಇನ್ನೊಂದು ಕಡೆ ಆಂಬ್ಯುಲೆನ್ಸ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ರಸ್ತೆಗಳಲ್ಲಿ ಸುಮಾರು 11.9 ಲಕ್ಷ ಜನ ಸತ್ತರು. ಅವರಲ್ಲಿ ಐದರಲ್ಲಿ ಒಂದಕ್ಕಿಂತ ಜಾಸ್ತಿ ಪಾಲು ನಡೆದು ಹೋಗುತ್ತಿದ್ದವರು. ಇಷ್ಟೂ ಜನ ಫೋನ್ ನೋಡುತ್ತಿದ್ದರು ಅಂದುಕೊಂಡರೆ ನಮಗೆ ನಾವೇ ಮೋಸ ಮಾಡಿಕೊಂಡಂತೆ. ನ್ಯೂಯಾರ್ಕ್ ನಗರದ ಸಾರಿಗೆ ಇಲಾಖೆ 2019ರಲ್ಲಿ ಇದನ್ನೇ ಹುಡುಕಿತು. ಪಾದಚಾರಿಗಳ ಸಾವಿಗೆ ಅವರ ಕೈಯ ಫೋನ್ ದೊಡ್ಡ ಕಾರಣ ಅನ್ನಲು ಗಟ್ಟಿಯಾದ ಆಧಾರ ಅದಕ್ಕೆ ಸಿಗಲಿಲ್ಲ.

ನಡೆಯುವವರ ಮೇಲೆ ತಪ್ಪು ಹೊರಿಸುವ ಅಭ್ಯಾಸ ಹೊಸದೇನಲ್ಲ. ಕಾರುಗಳು ಬರುವ ಮುಂಚೆ ರಸ್ತೆ ಎಲ್ಲರದಾಗಿತ್ತು. 1920ರ ದಶಕದಲ್ಲಿ ಅಮೆರಿಕದ ನಗರಗಳಲ್ಲಿ ಕಾರು ಗುದ್ದಿ ಸಾಯುವವರು ಜಾಸ್ತಿಯಾದಾಗ ಜನ ಕಾರುಗಳ ಮೇಲೆ ಸಿಟ್ಟಾದರು. ಆಗ ಕಾರು ಉದ್ಯಮದ ಪರವಾಗಿದ್ದವರು 'ಜೇವಾಕರ್' ಅನ್ನುವ ಪದವನ್ನು ಊರೆಲ್ಲ ಹಬ್ಬಿಸಿದರು. ರಸ್ತೆಯಲ್ಲಿ ನಡೆಯಲು ಬಾರದ ಹಳ್ಳಿಗಮಾರ ಅನ್ನುವಂಥ ಬೈಗುಳ ಅದು. ಬೈಗುಳ ಮೊದಲು ಬಂತು, ಕಾನೂನು ಹಿಂದಿನಿಂದ ಬಂತು. ಜರ್ಮನಿಯಲ್ಲಿ ಈಗ 'ಸ್ಮೋಂಬಿ' ಅನ್ನುವ ಪದ ಇದೆ, ಸ್ಮಾರ್ಟ್‌ಫೋನ್ ಮತ್ತು ಜೋಂಬಿ (ಸಿನಿಮಾಗಳಲ್ಲಿ ಬರುವ ನಡೆದಾಡುವ ಹೆಣ) ಸೇರಿಸಿದ್ದು. 2015ರಲ್ಲಿ ಅಲ್ಲಿ ಅದು ವರ್ಷದ ಯುವಜನರ ಪದವಾಗಿ ಆಯ್ಕೆಯಾಯಿತು. ಕೇಳಲು ಚೆನ್ನಾಗಿದೆ. ನನಗೆ ಮಾತ್ರ ಅದರಲ್ಲಿ ಹಳೆಯ ಬೈಗುಳದ ವಾಸನೆಯೇ ಬರುತ್ತದೆ. ಸ್ಟೀರಿಂಗ್ ಹಿಂದೆ ಕೂತು ಫೋನ್ ನೋಡುವವನಿಗೆ ಇಂಥ ಮುದ್ದಾದ ಹೆಸರು ಇಟ್ಟವರನ್ನು ನಾನಂತೂ ಕಂಡಿಲ್ಲ. ಒಂದು ಟನ್ನಿಗಿಂತ ಜಾಸ್ತಿ ತೂಕದ ಕಬ್ಬಿಣ ಓಡಿಸುವವನು ಅವನು.

ನಗರಗಳು ಏನೇನೋ ಮಾಡಿ ನೋಡಿವೆ. ಜರ್ಮನಿಯ ಔಗ್ಸ್‌ಬುರ್ಗ್‌ನಲ್ಲಿ 2016ರಲ್ಲಿ ಟ್ರಾಮ್ ನಿಲ್ದಾಣದ ಹತ್ತಿರ ನೆಲದಲ್ಲೇ ಕೆಂಪು ದೀಪ ಹೂತರು, ತಲೆ ತಗ್ಗಿಸಿದವರಿಗೂ ಕಾಣಲಿ ಅಂತ. ಅಮೆರಿಕದ ಹೊನೊಲುಲುವಿನಲ್ಲಿ 2017ರಿಂದ ರಸ್ತೆ ದಾಟುವಾಗ ಪರದೆ ನೋಡಿದರೆ ದಂಡ. ಜಪಾನಿನ ಯಮಾಟೊ ನಗರ 2020ರಲ್ಲಿ ನಡೆಯುತ್ತಾ ಫೋನ್ ನೋಡಬಾರದು ಅಂತ ನಿಯಮ ಮಾಡಿತು, ದಂಡ ಮಾತ್ರ ಇಡಲಿಲ್ಲ. ನೆಲದ ದೀಪದ ಬಗ್ಗೆ ನನಗೆ ಅನುಮಾನ ಇದೆ. ಕಾರು ನೆಲದೊಳಗಿಂದ ಬರುವುದಿಲ್ಲವಲ್ಲ.

ಇಯರ್‌ಫೋನ್ ಬಗ್ಗೆ ಕೇಳಿದ್ದೀರಿ. ಮೇಲೆ ಹೇಳಿದ ಜೋಕರ್ ಪರೀಕ್ಷೆಯಲ್ಲಿ ಹಾಡು ಕೇಳುವವರು ಸುಮ್ನೆ ನಡೆದವರಿಗಿಂತ ಸ್ವಲ್ಪ ಜಾಸ್ತಿಯೇ ನೋಡಿದ್ದರು, ಗಮನಿಸಿದಿರಾ? ಹಾಡಿಗೆ ಉತ್ತರ ಕೊಡಬೇಕಾಗಿಲ್ಲ, ಬೀರುವಿನ ಕೀಲಿ ಹುಡುಕಬೇಕಾಗಿಲ್ಲ. ಹಾಗಾಗಿ ಮನಸ್ಸು ಅಷ್ಟು ದೂರ ಹೋಗುವುದಿಲ್ಲ. ಇದನ್ನು ಮಗಳಿಗೆ ಹೇಳಬೇಡಿ, ವಾದಕ್ಕೆ ಸಿಕ್ಕಿಬಿಡುತ್ತದೆ! ಆದರೆ ಹಾಡು ಕಿತ್ತುಕೊಳ್ಳುವುದು ಕಣ್ಣನ್ನಲ್ಲ, ಕಿವಿಯನ್ನು. ಕಣ್ಣು ಮುಂದಿನದನ್ನು ಮಾತ್ರ ನೋಡುತ್ತದೆ. ಬೆನ್ನ ಹಿಂದೆ, ತಿರುವಿನ ಆಚೆ ಇರುವುದನ್ನು ಹೇಳುವುದು ಕಿವಿ. ಹೆಡ್‌ಫೋನ್ ಹಾಕಿಕೊಂಡಿದ್ದಾಗ ಅಪಘಾತಕ್ಕೆ ಸಿಕ್ಕ ಪಾದಚಾರಿಗಳ 116 ಪ್ರಕರಣಗಳನ್ನು ಅಮೆರಿಕದಲ್ಲಿ 2004ರಿಂದ 2011ರವರೆಗೆ ಒಟ್ಟು ಮಾಡಿದ್ದರು. ಅರ್ಧಕ್ಕಿಂತ ಜಾಸ್ತಿ ಪ್ರಕರಣಗಳಲ್ಲಿ ಗುದ್ದಿದ್ದು ರೈಲು. ಮೂರರಲ್ಲಿ ಎರಡು ಪಾಲು ಜನ 30 ವರ್ಷದೊಳಗಿನವರು. ರೈಲಿನಂಥ ರೈಲಿನ ಸದ್ದೇ ಕೇಳಿಸದಿದ್ದರೆ ಸೈಕಲ್, ಎಲೆಕ್ಟ್ರಿಕ್ ಸ್ಕೂಟರ್ ಸದ್ದು ಎಲ್ಲಿ ಕೇಳಿಸಬೇಕು? ಎಲೆಕ್ಟ್ರಿಕ್ ಕಾರುಗಳು ನಿಧಾನವಾಗಿ ಹೋಗುವಾಗ ಎಷ್ಟು ನಿಶ್ಶಬ್ದ ಅಂದರೆ, ಯುರೋಪಿನಲ್ಲಿ 2021ರಿಂದ ಮಾರಾಟವಾಗುವ ಎಲ್ಲ ಹೊಸ ಎಲೆಕ್ಟ್ರಿಕ್ ಕಾರುಗಳೂ 20 ಕಿ.ಮೀ. ವೇಗದ ತನಕ ಬೇಕೆಂದೇ ಸದ್ದು ಮಾಡಬೇಕು. ಹೊರಗಿನ ಸದ್ದನ್ನು ಅಳಿಸಿಹಾಕುವ ಹೊಸ ಬಗೆಯ ಇಯರ್‌ಫೋನ್ ಹಾಕಿಕೊಂಡವರಿಗೆ ಅದೂ ದಕ್ಕುವುದಿಲ್ಲ. ಮಗಳದು ಅಂಥದ್ದಾಗಿದ್ದರೆ ರಸ್ತೆಯಲ್ಲಿ ಆ ಸೌಲಭ್ಯ ಆಫ್ ಮಾಡಲು ಹೇಳಿ. ಪೂರ್ತಿ ಬಿಡು ಅಂದರೆ ಒಂದನ್ನೂ ಕೇಳುವುದಿಲ್ಲ. ಒಂದು ಕಿವಿ ಖಾಲಿ ಇಡು ಅಂದರೆ ಒಪ್ಪಬಹುದು.

ಹಾಗಾದರೆ ಏನು ಮಾಡುವುದು? "ಎಚ್ಚರದಿಂದಿರಿ" ಅನ್ನುವ ಸಲಹೆ ನನಗೆ ಹಿಡಿಸುವುದಿಲ್ಲ. ಮನುಷ್ಯ ಇಡೀ ದಾರಿ ಎಚ್ಚರದಿಂದ ಇರಲಾರ. ನಾನೂ ಇರಲಾರೆ, ಕಂಬದ ಕಥೆ ಹೇಳಿದೆನಲ್ಲ. ಎಚ್ಚರ ಬೇಕಾಗುವ ಜಾಗ ಬಹಳ ಚಿಕ್ಕದು. ಫುಟ್‌ಪಾತಿನ ಅಂಚಿನಿಂದ ಆ ಕಡೆಯ ಅಂಚಿನ ತನಕ. ನಿಮ್ಮ ದಾರಿಯಲ್ಲಿ ಅಂಥವು ಎಷ್ಟಿವೆ ಎಣಿಸಿ. ಐದೋ ಆರೋ ಇರಬಹುದು. ಒಂದೊಂದಕ್ಕೂ ಹತ್ತು ಹದಿನೈದು ಸೆಕೆಂಡ್. ಇಡೀ ದಾರಿಗೆ ಒಂದೂವರೆ ನಿಮಿಷ. ಅಷ್ಟು ಹೊತ್ತು ಮಾತ್ರ ಫೋನ್ ಇರಬಾರದು.

ಅದನ್ನು ನೆನಪಿನ ಮೇಲೆ ಬಿಡಬೇಡಿ, ಕಾಲಿಗೆ ಕಟ್ಟಿಬಿಡಿ. ಅಂಚಿಗೆ ಬಂದ ಕೂಡಲೇ ಎರಡೂ ಕಾಲು ಜೋಡಿಸಿ ನಿಲ್ಲುವುದು. ನಿಂತಾಗ ಫೋನಿನವರಿಗೆ "ಒಂದು ನಿಮಿಷ, ರಸ್ತೆ ದಾಟುತ್ತೇನೆ" ಅನ್ನುವುದು. ಕಿವಿಯಿಂದ ತೆಗೆದು ಕೈ ಕೆಳಗಿಳಿಸುವುದು. ದಾಟಿ ಆ ಕಡೆ ಹತ್ತಿದ ಮೇಲೆ "ಹಾಂ, ಹೇಳಿ". ಮೊದಮೊದಲು ಸಂಕೋಚ ಅನ್ನಿಸುತ್ತದೆ. ಎರಡು ವಾರದಲ್ಲಿ ನಿಮ್ಮ ಜೊತೆ ಮಾತಾಡುವವರಿಗೂ ಅಭ್ಯಾಸವಾಗುತ್ತದೆ. ಮ್ಯಾಪ್ ನೋಡುವುದಿದ್ದರೂ ಅಷ್ಟೇ, ಗೋಡೆ ಬದಿಗೆ ಸರಿದು ನಿಂತು ನೋಡಿ. ಅಂಚಿನಲ್ಲಿ ನಿಂತು ನೋಡಿದರೆ ಹಿಂದಿನವರು ತಳ್ಳಿಕೊಂಡು ಹೋಗುತ್ತಾರೆ.

ಬಸ್ಸು ನಿಮಗಾಗಿ ನಿಂತಾಗ ಅದರ ಡ್ರೈವರ್‌ಗೆ ಕೈ ಎತ್ತಿ, ದಾಟಿ. ಆದರೆ ಬಸ್ಸಿನ ಆಚೆ ಮೂಲೆಗೆ ಬಂದಾಗ ಅದನ್ನೇ ಇನ್ನೊಂದು ಫುಟ್‌ಪಾತ್ ಅಂಚು ಅಂದುಕೊಳ್ಳಿ. ನಿಲ್ಲಿ. ಕತ್ತು ಮಾತ್ರ ಮುಂದೆ ಚಾಚಿ ಇಣುಕಿ. ಹಿಂದೆ ನಿಂತವನು ಹಾರ್ನ್ ಹೊಡೆದರೆ ಹೊಡೆಯಲಿ. ಅವನ ಅವಸರಕ್ಕೆ ನೀವು ಓಡಬೇಕಾಗಿಲ್ಲ. ಸಿಗ್ನಲ್‌ನಲ್ಲಿ ಹಸಿರು ಮನುಷ್ಯ ಬಂದಾಗಲೂ ತಿರುಗಿ ಬರುವ ವಾಹನಗಳನ್ನು ಭುಜದ ಮೇಲಿಂದ ಒಮ್ಮೆ ನೋಡಿ. ತಿರುಗುವ ಡ್ರೈವರ್‌ಗೆ ಕಾರಿನ ಮುಂಗಾಜಿನ ಪಕ್ಕದ ಕಂಬ ಅಡ್ಡ ಬರುತ್ತದೆ. ನೀವೂ ಅವನೂ ಒಂದೇ ಲಯದಲ್ಲಿ ಚಲಿಸಿದರೆ ದಾಟುವಷ್ಟೂ ಹೊತ್ತು ಆ ಕಂಬದ ಮರೆಯಲ್ಲೇ ಇರಬಹುದು. ಇನ್ನು ಬೈಕು. ಸಣ್ಣ ವಾಹನ ಇರುವುದಕ್ಕಿಂತ ದೂರದಲ್ಲಿ ಇರುವಂತೆ ಕಾಣುತ್ತದೆ. ಇನ್ನೂ ದೂರ ಇದೆ ಅನ್ನಿಸಿದರೆ ಬೈಕಿನ ವಿಷಯದಲ್ಲಿ ಆ ಅನ್ನಿಸಿಕೆಯನ್ನು ನಂಬಬೇಡಿ.

ಕೊನೆಗೆ ಮಗಳ ವಿಷಯ. ಅವಳ ಹಾಡಿಗಿಂತ ನನಗೆ ಭಯ ಹುಟ್ಟಿಸಿದ್ದು ನಿಮ್ಮ ಆ ಎರಡು ಫೋನ್ ಕರೆಗಳು. ಅವಳು ದಾರಿಯಲ್ಲಿರುವ ಹೊತ್ತಿಗೇ ಸರಿಯಾಗಿ ನೀವು ಕರೆ ಮಾಡುತ್ತೀರಿ. ಅಮ್ಮನ ಕರೆ, ತೆಗೆಯದಿದ್ದರೆ ಬೈಗುಳ. ಹಾಗಾಗಿ ಎಲ್ಲಿದ್ದರೂ ತೆಗೆಯುತ್ತಾಳೆ. ಆಮೇಲೆ ನೀವು ಎಲ್ಲಿದ್ದೀಯಾ, ಯಾಕೆ ತಡ, ಪರೀಕ್ಷೆ ಹೇಗಾಯಿತು ಅಂತ ಕೇಳುತ್ತೀರಿ. ಪ್ರತಿಯೊಂದಕ್ಕೂ ಅವಳ ಮನಸ್ಸು ರಸ್ತೆ ಬಿಟ್ಟು ಬೇರೆ ಕಡೆ ಹೋಗಿ ಉತ್ತರ ಹುಡುಕಿ ತರಬೇಕು. ನಿಮ್ಮ ಸಮಾಧಾನಕ್ಕಾಗಿ ನೀವು ಮಾಡುವ ಕರೆಯೇ ಅವಳ ದಾರಿಯಲ್ಲಿ ಅತಿ ಅಪಾಯದ ಎರಡು ನಿಮಿಷ ಆಗಬಹುದು. ನೀವೊಬ್ಬರೇ ಅಲ್ಲ. ನನ್ನ ಹತ್ತಿರ ಬರುವ ಎಷ್ಟೋ ತಂದೆತಾಯಿ ಇದನ್ನೇ ಮಾಡುತ್ತಾರೆ. ಹೇಳಿದಾಗ ಮುಖ ಸಪ್ಪಗಾಗುತ್ತದೆ. ಬೇಜಾರು ಮಾಡಿಕೊಳ್ಳಬೇಡಿ. ಇದರಲ್ಲಿ ಸರಿಮಾಡುವುದು ಪೂರ್ತಿ ನಿಮ್ಮ ಕೈಯಲ್ಲೇ ಇದೆ, ಮಗಳನ್ನು ಒಪ್ಪಿಸಬೇಕಾದ ಕಷ್ಟವೇ ಇಲ್ಲ.

ಇಬ್ಬರೂ ಕೂತು ಒಂದು ಒಪ್ಪಂದ ಮಾಡಿಕೊಳ್ಳಿ. ಶಾಲೆಯ ಗೇಟಿನೊಳಗೆ ನಿಂತು ಅವಳೇ ಒಂದು ಮೆಸೇಜ್ ಕಳಿಸಲಿ, "ಹೊರಟೆ" ಅಂತ. ಮನೆ ಬಾಗಿಲಿಗೆ ಬಂದ ಮೇಲೆ ಇನ್ನೊಂದು, "ಬಂದೆ" ಅಂತ. ನಡುವೆ ಅವಳ ಫೋನ್ ಚೀಲದಲ್ಲಿ. ನಡುವೆ ನೀವು ಕರೆ ಮಾಡಿದರೂ ತೆಗೆಯದಿರುವ ಹಕ್ಕು ಅವಳಿಗೆ ಇರಲಿ, ಅದಕ್ಕೆ ಬೈಗುಳ ಇಲ್ಲ. ಬರಬೇಕಾದ ಹೊತ್ತಿಗೆ ಇಪ್ಪತ್ತು ನಿಮಿಷ ಮೀರಿದರೆ ಮಾತ್ರ ನೀವು ಮಾಡಿ. ಅವಳು "ಹಲೋ" ಅಂದ ಕೂಡಲೇ ಎಲ್ಲಿದ್ದೀಯಾ ಅಂತ ಶುರು ಮಾಡಬೇಡಿ. "ನಿಂತಿದ್ದೀಯಾ, ನಡೀತಾ ಇದ್ದೀಯಾ?" ಅಂತ ಕೇಳಿ. ನಡೀತಾ ಇದ್ದೀನಿ ಅಂದರೆ, "ಸರಿ, ಆಮೇಲೆ ಮಾಡು" ಅಂತ ಹೇಳಿ ನೀವೇ ಇಟ್ಟುಬಿಡಿ.